ಫೆನ್ನಾಳ ತೊಟ್ಟಿಗೆ ಹುಲ್ಲು

ಲೇವಾರ್ಡನ್
೧೬ ಅಕ್ಟೋಬರ್ ೧೯೭೮

ವೀಬೆ,

‘ಪ್ರೀತಿಯ’ ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ಆ ಪದವನ್ನು ಈಗ ಬೇರೊಬ್ಬಳು ಬಳಸುತ್ತಿದ್ದಾಳಲ್ಲ, ಇರಲಿ.

ನಿನ್ನ ಕಾಗದ ಬಂತು. ನೀನು ಮನೆ ಬಿಟ್ಟು ಆರು ತಿಂಗಳಾದ ಮೇಲೆ ಮೊದಲ ಕಾಗದ. ಅದರಲ್ಲಿ ನಾನು ಹೇಗಿದ್ದೇನೆ ಎಂದು ಒಂದು ಸಾಲಿಲ್ಲ, ಕೇಳಿದ್ದು ಹುಲ್ಲು! ನಮ್ಮ ಮೀನು ಸಾಕುವವರ ಸಂಘದ ಸ್ಪರ್ಧೆಗೆ ತೀರ್ಪುಗಾರರು ಬರುವ ಶನಿವಾರ ಫೆನ್ನಾಳ ಮನೆಗೆ ಮೀನಿನ ಗಾಜಿನ ತೊಟ್ಟಿ ನೋಡಲು ಬರುತ್ತಾರಂತೆ, ತೊಟ್ಟಿಯ ಹಿಂಭಾಗ ಬೋಳಾಗಿದೆಯಂತೆ, ನಮ್ಮ ತೊಟ್ಟಿಯ ಉದ್ದ ನೀರುಹುಲ್ಲಿನ ಮರಿಗಳನ್ನು ಕೊಟ್ಟರೆ ಉಪಕಾರವಂತೆ. ಗಂಡನನ್ನೇ ಬಿಟ್ಟುಕೊಟ್ಟವಳಿಗೆ ಹುಲ್ಲು ಯಾವ ಲೆಕ್ಕ ಎಂದುಕೊಂಡೆಯಾ?

ಬೋಳಾಗಿರುವುದನ್ನು ನಾನೂ ನೋಡಿದ್ದೇನೆ. ಸುಳ್ಳು ಯಾಕೆ, ಬ್ರೆಡ್ ತರುವ ನೆಪದಲ್ಲಿ ಅವಳ ಬೀದಿಗೇ ಸೈಕಲ್ ತಿರುಗಿಸುತ್ತೇನೆ. ನಮ್ಮೂರಲ್ಲಿ ಯಾರು ಕಿಟಕಿಗೆ ಪರದೆ ಎಳೆಯುತ್ತಾರೆ? ನೀನು ಅಂಗಿಯ ತೋಳು ಮಡಚಿ, ಮೊಣಕೈವರೆಗೆ ನೀರಿಗೆ ಕೈ ಇಳಿಸಿ ಅವಳ ತೊಟ್ಟಿಯ ಕಲ್ಲು ಸರಿಸುತ್ತಿದ್ದೆ. ಅವಳು ಟವೆಲ್ ಹಿಡಿದು ನಿಂತಿದ್ದಳು. ನಮ್ಮ ತೊಟ್ಟಿಯಲ್ಲಿ ಯಾವತ್ತೂ ಮೀನು ನಿನ್ನದು, ಗಿಡ ನನ್ನದು. ಒಂದು ಎಲೆ ನೆಡಲಿಕ್ಕಾದರೂ ತೋಳು ಮಡಚಿದವನಲ್ಲ ನೀನು. ಹೊಟ್ಟೆ ಉರಿಯಿತು ವೀಬೆ. ಬ್ರೆಡ್ ಮರೆತೇ ಮನೆಗೆ ಬಂದೆ.

ಪಕ್ಕದ ಮನೆಯ ಹಿಲ್ಕೆಯ ಸಮಾಧಾನ ಬೇರೆ. “ಫೆನ್ನಾ ಕಾಫಿ ಜೊತೆ ಎರಡೆರಡು ಬಿಸ್ಕತ್ತು ಕೊಡ್ತಾಳಂತೆ ಕಣೇ! ನೀನು ಒಂದು ಕೊಟ್ಟು ಡಬ್ಬಿ ಮುಚ್ಚಿದ್ರೆ ಗಂಡಸು ನಿಲ್ತಾನಾ?” ಅಂದಳು. “ಎರಡಕ್ಕೆ ಹೋದೋನು ಮೂರು ಕೊಡೋಳು ಸಿಕ್ಕಿದ್ರೆ ಅಲ್ಲಿಂದಲೂ ಎದ್ದು ಹೋಗ್ತಾನೆ, ಬಿಡೇ” ಅಂದೆ. ಅವಳು ಹೊಟ್ಟೆ ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ.

ಆದರೂ ಹುಲ್ಲು ಕೊಡುತ್ತಿದ್ದೇನೆ. ಕೇಳಿದವರಿಗೆ ಗಿಡ ಇಲ್ಲವೆನ್ನುವ ಪದ್ಧತಿ ಸಂಘದಲ್ಲಿಲ್ಲ. ನಾನು ಇಲ್ಲವೆಂದರೆ ಎಲ್ಲರ ಬಾಯಿಗೆ ಬೀಳುತ್ತೇನೆ. ತಾಯಿಗಿಡದ ಬಳ್ಳಿಯಲ್ಲಿ ಬಿಟ್ಟ ಒಳ್ಳೊಳ್ಳೆಯ ಮರಿಗಳನ್ನೇ ಆರಿಸಿ, ಒದ್ದೆ ಪತ್ರಿಕೆಯಲ್ಲಿ ಸುತ್ತಿ, ಈ ಕಾಗದದ ಜೊತೆ ಹಿಲ್ಕೆಯ ಕೈಯಲ್ಲಿ ಕಳಿಸುತ್ತಿದ್ದೇನೆ. ಎಲೆಗಳು ನನ್ನ ತೋಳಿನಷ್ಟು ಉದ್ದ ಇವೆ. ಬೇರನ್ನಷ್ಟೇ ಮರಳಲ್ಲಿ ಹೂಳಬೇಕು, ಬುಡ ಮುಚ್ಚಿದರೆ ಕೊಳೆಯುತ್ತದೆ. ಇವತ್ತೇ ನೆಡಲು ಹೇಳು. ಶನಿವಾರ ಅವಳಿಗೆ ಒಳ್ಳೆಯದಾಗಲಿ.

ಕಾಗದದ ಮೇಲಾದರೂ ಇನ್ನೂ ನಿನ್ನ ಹೆಂಡತಿ,
ಆಫ್ಕೆ

ಮರೆತ ಮಾತು: ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಇವತ್ತು ನೆಡಬೇಡಿ. ಈ ಹುಲ್ಲು ಹೊಸ ನೀರಿಗೆ ಬಿದ್ದ ನಾಲ್ಕೈದು ದಿನಕ್ಕೆ ಎಲೆಯೆಲ್ಲ ಕರಗಿ ಲೋಳೆಯಾಗುತ್ತದೆ. ತೀರ್ಪುಗಾರರ ಮುಂದೆ ಅವಳ ಮಾನ ಹೋಗಲಿ ಎಂದೇ ಇಷ್ಟು ಧಾರಾಳವಾಗಿ ಕೊಟ್ಟೆ. ಲಕೋಟೆಗೆ ಅಂಟು ಹಚ್ಚುವ ಹೊತ್ತಿಗೆ ಮನಸ್ಸು ಒಪ್ಪಲಿಲ್ಲ. ಶನಿವಾರ ಕಳೆದ ಮೇಲೆ ನೆಡಲಿ. ಎಲೆ ಕರಗಿದರೂ ಬೇರು ಬದುಕಿರುತ್ತದೆ, ಆಮೇಲೆ ತಾನೇ ಚಿಗುರುತ್ತದೆ. ಹುಲ್ಲಿಗೂ ಮನೆ ಬಿಟ್ಟ ಸಂಕಟ ಅಷ್ಟಿರುತ್ತದೆ, ವೀಬೆ. ನೀನು ಆ ನೀರಿಗಿಳಿದು ಆರು ತಿಂಗಳಾಯಿತು, ನಿನ್ನದು ಒಂದು ಎಲೆಯೂ ಬಾಡಲಿಲ್ಲವಲ್ಲ!