ನಡುಮನೆಯ ಗೋಡೆ

ಕಟ್ಟಡ ಪರವಾನಗಿ ವಿಭಾಗದ ಅಧಿಕಾರಿಗಳಿಗೆ,

ಮಾನ್ಯರೇ,

ನಡುಮನೆಗೆ ಅಡ್ಡಗೋಡೆ ಕಟ್ಟಲು ಅನುಮತಿ ಕೇಳಿದ್ದ ನನ್ನ ಅರ್ಜಿ ಮೂರನೇ ಸಲ ವಾಪಸ್ ಬಂದಿದೆ. ನಿಮ್ಮಲ್ಲಿಗೆ ಅಲೆದು ಚಪ್ಪಲಿ ಸವೆದಿದೆ. ಇನ್ನು ವಾದಿಸುವ ತ್ರಾಣವಿಲ್ಲ.

ಮೇಸ್ತ್ರಿ ಇಲ್ಲದೆ ನಾವೇ ಕಟ್ಟುವುದಾದರೆ ಕೆಲಸಕ್ಕೆ ನಿಲ್ಲುವವರೆಲ್ಲ ಒಂದೇ ಕುಟುಂಬದವರಾಗಿರಬೇಕು ಅಂದಿರಿ. ತಮ್ಮನಿಂದ ಬೇರೆಯಾಗಲು ಕಟ್ಟುವ ಗೋಡೆಗೆ ತಮ್ಮನನ್ನೇ ‘ಕುಟುಂಬದ ಸದಸ್ಯ’ ಅಂತ ಬರೆದು ಸಹಿ ಹಾಕಿಸಿದೆ. ಇಟ್ಟಿಗೆಯನ್ನೂ ಇಬ್ಬರೇ ಹೊತ್ತು ತಂದು ಅಂಗಳದಲ್ಲಿ ಪೇರಿಸಿಟ್ಟೆವು. “ಹುಷಾರು, ಕಾಲ ಮೇಲೆ ಬೀಳುತ್ತೆ” ಅಂದ. ಎರಡು ವರ್ಷದಲ್ಲಿ ಅವನು ನನ್ನ ಜೊತೆ ಆಡಿದ ಮೊದಲ ಮಾತು ಅದು.

ಮೊನ್ನೆ ನೋಡಲು ಬಂದ ನಿಮ್ಮ ಇನ್‌ಸ್ಪೆಕ್ಟರು, ತಮ್ಮನ ಪಾಲಿನ ಹಿಂಭಾಗಕ್ಕೆ ಹಿತ್ತಿಲ ಬಾಗಿಲು ಬಿಟ್ಟರೆ ಬೇರೆ ದಾರಿಯಿಲ್ಲ, ಬೆಂಕಿ ಬಿದ್ದರೆ ಓಡಿಬರಲು ಗೋಡೆಯಲ್ಲೊಂದು ಬಾಗಿಲು ಇರಲೇಬೇಕು ಅಂದರು. ನಾನು ಆಗಲ್ಲ ಅಂದೆ. ಅವನೂ ಆಗಲ್ಲ ಅಂದ. ಏರಿಗೊಬ್ಬ ನೀರಿಗೊಬ್ಬ ಎಳೆಯುವ ನಾವು ಒಮ್ಮತಕ್ಕೆ ಬಂದದ್ದು ಅದೊಂದಕ್ಕೇ. ಅರ್ಜಿ ವಾಪಸ್ ಬಂದದ್ದೂ ಅದಕ್ಕೇ.

ಈಗ ಕೇಳಿಕೊಳ್ಳುವುದಿಷ್ಟು. ಬಾಗಿಲು ಕಡ್ಡಾಯ ಅಂತ ಬಾಯಲ್ಲಿ ಹೇಳಿದರೆ ಸಾಲದು, ಸೀಲು ಹಾಕಿದ ಕಾಗದದಲ್ಲಿ ಬರೆದುಕೊಡಿ. ನಾನಾಗಿ ಇಟ್ಟರೆ ಅಣ್ಣ ಸೋತ ಅಂದುಕೊಳ್ಳುತ್ತಾನೆ. ಅವನಾಗಿ ಕೇಳುವವನಲ್ಲ. ಕಚೇರಿಯ ಹಟಕ್ಕೆ ಇಬ್ಬರೂ ತಲೆಬಾಗಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಆ ಬಾಗಿಲಿಗೆ ಚಿಲಕ ಇರಕೂಡದು ಅಂತಲೂ ನಿಯಮವಿದ್ದರೆ, ದಯವಿಟ್ಟು ಅದನ್ನೂ ಸೇರಿಸಿ.

ಇಂತಿ,
ಅರ್ಜಿದಾರ (ಅಣ್ಣ)