ಕೆಂಚಕ್ಕನ ಕುರಿಗಳು

ಮಾಗಳ,
೧೨-೬-೨೦೦೩

ಮುಜೀಬ್ ಅವರಿಗೆ ಮೆಹರೀನಳ ಸಲಾಮು.

ನೀವು ಕಳಿಸಿದ ಮಾರಾಟದ ಕಾಗದಕ್ಕೆ ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ಸೋಮವಾರ ದಾವಣಗೆರೆಯ ವ್ಯಾಪಾರಿ ಬಂದು ನಮ್ಮ ಕಂಪನಿಯ ಹೆಸರನ್ನೂ ಹುಲಿ-ಕುರಿ ಆಟವನ್ನೂ ಕೊಂಡೊಯ್ಯುತ್ತಾನಂತೆ. ಇಬ್ಬರ ಸಹಿಯೂ ಬೇಕಾಗಿದ್ದರಿಂದ, ನಾನು ತವರಿಗೆ ಬಂದ ನಾಲ್ಕು ತಿಂಗಳ ಮೇಲೆ ನಿಮಗೆ ಹೆಂಡತಿಯ ನೆನಪಾಯಿತು. ಸಂತೋಷ.

ಆ ಆಟದ ನಮ್ಮ ಮೊದಲ ಸಿಡಿ ಏಕೆ ಓಡಿತು ಎಂದು ಒಮ್ಮೆಯಾದರೂ ಯೋಚಿಸಿದ್ದೀರಾ? ಕೊಟ್ಟೂರು, ಕೂಡ್ಲಿಗಿಯ ಕಂಪ್ಯೂಟರ್ ಕ್ಲಾಸುಗಳಲ್ಲಿ ಹುಡುಗರು ಪಾಠ ಬಿಟ್ಟು ಅದನ್ನೇ ಆಡುತ್ತಿದ್ದರು. ನಿಮ್ಮ ಚಿತ್ರಗಳಿಗಾಗಿ ಅಲ್ಲ. ನಮ್ಮ ಹುಲಿ ಬೆಕ್ಕಿನ ಹಾಗಿತ್ತು. ಆಡುವವರದು ಹುಲಿ; ಕಂಪ್ಯೂಟರಿನೊಳಗೆ ಕುರಿಗಳನ್ನು ನಡೆಸುತ್ತಿದ್ದವಳು ಇಲ್ಲಿನ ನಮ್ಮ ಓಣಿಯ ಮುದುಕಿ ಕೆಂಚಕ್ಕ. ಗುಡಿಕಟ್ಟೆಯ ಮೇಲೆ ಅವಳ ಎದುರು ಕೂತು, ಒಂದೊಂದು ನಡೆಯನ್ನೂ ಗುರುತು ಮಾಡಿಕೊಂಡು ಪ್ರೋಗ್ರಾಂ ಬರೆದವಳು ನಾನು. ತಪ್ಪು ನಡೆ ನಡೆದರೆ ಅವಳದೇ ದನಿಯಲ್ಲಿ ಬೈಗುಳ: "ಎತ್ತಾಗ ನೋಡಾಕತ್ತೀಯಲೇ, ಕಣ್ಣು ಬೆನ್ನಾಗ ಅದಾವೇನು?" ಸೋತವರು "ಸೋತೆ ಬೇ ಕೆಂಚಕ್ಕ" ಎಂದು ಬರೆದಿದ್ದ ಗುಂಡಿ ಒತ್ತಬೇಕು, ಇಲ್ಲದಿದ್ದರೆ ಇನ್ನೊಂದು ಆಟವಿಲ್ಲ. ಕಟ್ಟೆಯ ಮೇಲೂ ಅದೇ ಪದ್ಧತಿ.

ಎರಡನೇ ಸಿಡಿಗೆ ನೀವು ಮಾಡಿದ್ದೇನು? ದುಡ್ಡು ಕೊಟ್ಟು ಕೊಂಡವರನ್ನು ಸೋಲಿಸಬಾರದು, ಬೈಯಲೂಬಾರದು ಎಂದಿರಿ. ಕೆಂಚಕ್ಕನ ಬಾಯಿ ಮುಚ್ಚಿಸಿದಿರಿ, ಕುರಿಗಳನ್ನು ಪೆದ್ದು ಮಾಡಿಸಿದಿರಿ, ಹುಲಿಗೆ ಬಣ್ಣ ಬಳಿದಿರಿ. ಎಲ್ಲರೂ ಎರಡೇ ದಿನದಲ್ಲಿ ಗೆದ್ದರು, ಮೂರನೇ ದಿನ ಸಿಡಿ ಮೂಲೆ ಸೇರಿತು. ಮಾರಾಟವಾಗದ ಪೆಟ್ಟಿಗೆಗಳು ಹಗರಿಬೊಮ್ಮನಹಳ್ಳಿಯ ನಮ್ಮ ಮನೆಗೆ ವಾಪಸು ಬಂದಾಗ, ಬೀದಿಗೆ ಕೇಳುವಂತೆ ನನ್ನ ಮೇಲೆ ಕೂಗಾಡಿದಿರಿ. ಆ ಸಂಕಟ ಇನ್ನೂ ಹೋಗಿಲ್ಲ.

ಕಂಪನಿ ಮತ್ತೆ ಏಳಬೇಕಾದರೆ ಕೆಂಚಕ್ಕನನ್ನು ಆಟದೊಳಗೆ ಮರಳಿ ಕೂರಿಸಬೇಕು. ಬೇರೆ ದಾರಿ ನನಗೆ ಕಾಣದು. ಆಟ ಮಾರುವ ಸುದ್ದಿ ತಿಳಿಸಿದ್ದಕ್ಕೆ, "ನನ್ನ ಕುರಿ ಒಯ್ಯಾಕ ಅವನ್ಯಾರು? ಇಲ್ಲಿಗೆ ಬರ್ಲಿ, ನನ್ನ ಸೋಲಿಸಿ ಒಯ್ಲಿ" ಅಂದಳು. ನಾವು ಬರೆಯದೆ ಬಿಟ್ಟ ನಡೆಗಳು ಅವಳ ಹತ್ತಿರ ಇನ್ನೂ ಇವೆ. ಈ ವಾರ ಹದಿನಾರು ಬರೆದುಕೊಂಡಿದ್ದೇನೆ. ಆ ವ್ಯಾಪಾರಿಗೆ ಇಲ್ಲ ಎನ್ನಿ. ಆಟವೂ ಹೋದರೆ ನಮ್ಮಿಬ್ಬರ ನಡುವೆ ಏನೂ ಉಳಿಯುವುದಿಲ್ಲ ಎಂಬ ಹೆದರಿಕೆ ನನಗಿದೆ.

ಇಂತಿ,
ಸದ್ಯಕ್ಕೆ ನಿಮ್ಮ ಪಾಲುದಾರಳೇ ಆಗಿರುವ
ಮೆಹರೀನ

ತಾ.ಕ.: ಮೇಲೆ ಒಂದು ಮಾತು ಮುಚ್ಚಿಟ್ಟೆ. ಎರಡನೇ ಆಟ ಕೆಡುತ್ತದೆಂದು ನನಗೆ ಮೊದಲೇ ಗೊತ್ತಿತ್ತು. ಹೇಳಿದ್ದರೆ ನೀವು ಕೇಳುತ್ತಿದ್ದಿರಿ. ಆದರೆ ಹೊಸ ಸಿಡಿಯ ಹೊದಿಕೆಯ ಮೇಲೆ ನಿಮ್ಮ ಹೆಸರೊಂದನ್ನೇ ಅಚ್ಚು ಹಾಕಿಸಿದ್ದು ಕಂಡು, ಹಾಳಾಗಲಿ ಎಂದೇ ಸುಮ್ಮನಿದ್ದೆ. ಕುರಿಗಳನ್ನು ನೀವು ಹೇಳಿದ್ದಕ್ಕಿಂತಲೂ ಪೆದ್ದು ಮಾಡಿದೆ. ಕೂಗಾಡುವುದಿದ್ದರೆ ಇಲ್ಲಿಗೇ ಬಂದು ಕೂಗಾಡಿ.