ಹಗಲು ಮಲಗುವವರಿಗೆ ಹಗಲಲ್ಲೇ ನಿದ್ರಾ ಪರೀಕ್ಷೆ ಮಾಡಿ

ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ನಿಮ್ಮ ರಾತ್ರಿ ಕಾವಲುಗಾರ ಕೆಲಸದ ವೇಳೆ ನಿದ್ದೆ ಮಾಡಿದರೆಂದು ನೋಟಿಸ್ ಕೊಟ್ಟಿದ್ದೀರಿ. ನಿದ್ದೆ ಮಾಡಿದ್ದು ನಿಜ. ಅದಕ್ಕೆ ಕಾಯಿಲೆ ಕಾರಣವಿರಬೇಕು ಎಂದು ನಿಮ್ಮದೇ ಆಸ್ಪತ್ರೆಯ ಗಂಟಲಿನ ವೈದ್ಯೆ ಹೇಳುತ್ತಾರೆ. ಖಚಿತವಾಗಲು ನಿದ್ರಾ ಪರೀಕ್ಷೆ ಆಗಬೇಕು. ಆ ಪರೀಕ್ಷೆಯನ್ನು ನೀವು ರಾತ್ರಿ ಮಾತ್ರ ಮಾಡುತ್ತೀರಿ. ರಾತ್ರಿ ಅವರಿಗೆ ನಿಮ್ಮದೇ ಕಾವಲು. ರಜೆ ಕೇಳಿದರೆ, ನೋಟಿಸ್ ಪಡೆದವರಿಗೆ ವಿಚಾರಣೆ ಮುಗಿಯುವ ತನಕ ರಜೆ ಇಲ್ಲವಂತೆ. ಇಷ್ಟು ಬಿಗಿಯಾದ ಗಂಟನ್ನು ದಿನವಿಡೀ ದಾರ ಹಿಡಿದಿರುವ ನಾನೂ ಹಾಕಲಾರೆ.

ಆ ಕಾವಲುಗಾರ ನನ್ನ ಸೋದರಮಾವ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ; ಓದಿದ್ದು ಪ್ರಾಥಮಿಕ ಶಾಲೆಯವರೆಗೆ ಮಾತ್ರ. ನಿಮ್ಮನ್ನು ಕಾಣಲು ಬಂದಿದ್ದೆ. ಬಾಗಿಲಲ್ಲಿ ನಿಮ್ಮ ಸಹಾಯಕರು "ಏನಮ್ಮಾ?" ಎಂದ ಕೂಡಲೇ ಮಾತೆಲ್ಲ ಮರೆತು, ಶೌಚಾಲಯ ಎಲ್ಲಿದೆ ಎಂದು ಕೇಳಿ ವಾಪಸ್ ಹೋದೆ. ಆದ್ದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಕಾಗದ ಯಾರಿಗೂ "ಏನಮ್ಮಾ" ಅನ್ನುವುದಿಲ್ಲ.

ಮಾವ ನಿದ್ದೆ ಹೋದದ್ದು ಎಲ್ಲಿ ಎಂಬುದು ಓದುಗರಿಗೂ ತಿಳಿಯಲಿ. ನೀವು ಅವರನ್ನು ಕಾವಲಿಗೆ ಹಾಕಿದ್ದೇ ನಿದ್ರಾ ಪರೀಕ್ಷೆಯ ಕೊಠಡಿಯ ಮುಂದೆ. ಒಳಗೆ ಒಬ್ಬ ರೋಗಿ ತಲೆಗೂ ಎದೆಗೂ ವೈರು ಅಂಟಿಸಿಕೊಂಡು, ನಿದ್ದೆ ಬಾರದೆ ಹೊರಳುತ್ತಿದ್ದರು. ಹೊರಗೆ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದ ಮಾವನಿಗೆ ಯಾವ ವೈರೂ ಇಲ್ಲದೆ ನಿದ್ದೆ ಬಂತು. ಗೊರಕೆ ಗೋಡೆ ದಾಟಿತು. ಹೊರಗಿನವರ ಗೊರಕೆಯಿಂದ ತಮ್ಮ ಪರೀಕ್ಷೆ ಕೆಟ್ಟಿತೆಂದು ಬೆಳಿಗ್ಗೆ ರೋಗಿ ದೂರು ಕೊಟ್ಟರು. ಮಾನ್ಯರೇ, ವೈರು ಯಾರಿಗೆ ಅಂಟಿಸಬೇಕಿತ್ತು ಎಂಬುದು ಅಷ್ಟು ಜೋರಾಗಿ ಕೇಳಿಸಿದ ಮೇಲೂ ನಿಮ್ಮ ಕಚೇರಿಯ ಕಿವಿಗೆ ಬಿದ್ದದ್ದು ದೂರು ಮಾತ್ರವೇ?

ನಮ್ಮದು ಒಂದೇ ಕೋಣೆಯ ಮನೆ. ಹಗಲು ಮಾವ ಗೋಡೆಯ ಬದಿ ಮಲಗುತ್ತಾರೆ. ಕಿಟಕಿಯ ಬದಿ ನನ್ನ ಹೊಲಿಗೆ ಯಂತ್ರ. ಅವರ ಗೊರಕೆಯ ಲಯಕ್ಕೆ ನನ್ನ ಕಾಲು ಹೊಂದಿಕೊಂಡುಬಿಟ್ಟಿದೆ. ಗೊರಕೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಎದೆ ಏಳಲು ಹೆಣಗುತ್ತದೆ, ಮೂಗಿನಲ್ಲಿ ಗಾಳಿ ಆಡುವುದಿಲ್ಲ. ನನ್ನ ಕಾಲೂ ನಿಲ್ಲುತ್ತದೆ. ಅತ್ತೆ ಸೌಟು ಹಿಡಿದುಕೊಂಡೇ ತಿರುಗಿ ನೋಡುತ್ತಾಳೆ. ಕೊನೆಗೆ ನೀರಲ್ಲಿ ಮುಳುಗಿದವರು ಮೇಲೆ ಬಂದ ಹಾಗೆ ಒಂದು ದೊಡ್ಡ ಉಸಿರು.

"ಬಂದ್ರು ನೋಡು ವಾಪಸ್ಸು," ಎನ್ನುತ್ತಾಳೆ ಅತ್ತೆ. "ಹೋಗೋವಾಗ ಒಂದು ಮಾತು ಹೇಳಲ್ಲ, ಬರೋವಾಗ ಮಾತ್ರ ಬೀದಿಗೆಲ್ಲ ಕೇಳ್ಬೇಕು."

ಎದ್ದ ಮೇಲೆ ಹೇಳಿದರೆ ಮಾವ ನಂಬುವುದಿಲ್ಲ. "ನಾನೆಲ್ಲೇ ಗೊರಕೆ ಹೊಡೀತೀನಿ? ಅದು ನಿನ್ನ ಮಿಷನ್ ಸದ್ದು."

"ಮಿಷನ್ ನಿಂತಿತ್ತು ಮಾವ."

"ಹಾಗಾದ್ರೆ ನಿಮ್ಮತ್ತೆದು."

"ಒಲೆ ಮುಂದೆ ನಿಂತ್ಕೊಂಡು ನಾನು ಗೊರಕೆ ಹೊಡೀತೀನಾ? ನೋಟಿಸ್ ಬಂದಿರೋದು ಯಾರಿಗೆ ರೀ?"

ನಗುತ್ತೇವೆ, ಆದರೆ ಅವರ ಗೊರಕೆ ನಿಂತಾಗಲೆಲ್ಲ ಮುಂದಿನ ಉಸಿರು ಬರುವ ತನಕ ನಮ್ಮಿಬ್ಬರ ಉಸಿರೂ ಹಿಡಿದೇ ಇರುತ್ತದೆ.

ವೈದ್ಯೆ ನನಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಒದ್ದೆ ಅಂಗಿಯ ತೋಳು ಒಳಗೊಳಗೇ ಅಂಟಿಕೊಳ್ಳುವಂತೆ ಕೆಲವರಲ್ಲಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮೆದುಳು ಗಾಬರಿಯಿಂದ ಎಬ್ಬಿಸುತ್ತದೆ. ಎದ್ದದ್ದು ಮಲಗಿದವರಿಗೆ ನೆನಪೂ ಇರುವುದಿಲ್ಲ. ಹೀಗೆ ಮಲಗಿದಷ್ಟು ಹೊತ್ತೂ ಎದ್ದು ಬಿದ್ದು ಮಾಡಿದವರು ಕೆಲಸದ ಹೊತ್ತಿಗೆ ತೂಕಡಿಸದೆ ಇನ್ನೇನು ಮಾಡಿಯಾರು? ಇದಕ್ಕೆ ಸ್ಲೀಪ್ ಆಪ್ನಿಯಾ ಎನ್ನುತ್ತಾರಂತೆ. ಅಲಕ್ಷ್ಯ ಮಾಡಿದರೆ ರಕ್ತದೊತ್ತಡ ಏರಬಹುದು, ಹೃದಯಕ್ಕೂ ಪೆಟ್ಟು ಬೀಳಬಹುದು.

ಚಿಕಿತ್ಸೆಯೂ ಇದೆ. ತೂಕ ಇಳಿಸಬೇಕು, ಮಗ್ಗುಲಾಗಿ ಮಲಗಬೇಕು. ಅದಕ್ಕೆಂದೇ ಮಾವನ ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಒಂದು ಚೆಂಡು ಇಟ್ಟಿದ್ದೇನೆ. ಅಂಗಾತ ಹೊರಳಿದರೆ "ಯಾರೇ ಅದು ಗುದ್ದೋದು?" ಎಂದು ನಿದ್ದೆಗಣ್ಣಲ್ಲೇ ಬೈದು ಮಗ್ಗುಲಾಗುತ್ತಾರೆ. ತುಸು ವಾಸಿ, ಆದರೆ ಸಾಲದು. ಮೂಗಿಗೆ ಮುಖವಾಡ ಕಟ್ಟಿ, ಗಾಳಿಯನ್ನು ಮೆಲ್ಲಗೆ ಒತ್ತಿ ದಾರಿ ತೆರೆದಿಡುವ ಯಂತ್ರವೊಂದಿದೆ. ಅದರ ಚಿತ್ರ ನೋಡಿದ ಅತ್ತೆ, "ಸೊಂಡಿಲು ಬಂದ್ರೂ ಪರ್ವಾಗಿಲ್ಲ ಡಾಕ್ಟ್ರೇ, ಉಸಿರಾಡ್ಲಿ," ಎಂದಳು. ಅದು ಬೇಕೇ, ಬೇಡವೇ ಎಂದು ಪರೀಕ್ಷೆಯೇ ಹೇಳಬೇಕು.

ರಾತ್ರಿ ಪಾಳಿಯವರನ್ನು ಅವರು ಮಲಗುವ ಹೊತ್ತಿನಲ್ಲೇ ಪರೀಕ್ಷಿಸಬಹುದು ಎಂದು, ತಾವೇ ನಿಂತು ಮಾಡಿಸುವುದಾಗಿ ಹೇಳಿ, ವೈದ್ಯೆ ನಿಮ್ಮ ಅನುಮತಿ ಕೇಳಿದ್ದಾರೆ. ಕೊಠಡಿಗೆ ಹಗಲು ಬೆಳಕು ಬರುತ್ತದೆ ಎಂದು ನೀವು ಒಪ್ಪಲಿಲ್ಲ. ಮಾನ್ಯರೇ, ಸೂರ್ಯನಿಗೂ ಒಂದು ನೋಟಿಸ್ ಕೊಡಬೇಕಿತ್ತೇ?

ಅಷ್ಟು ದೂರ ಹೋಗಬೇಕಾಗಿಲ್ಲ. ಆ ಕಿಟಕಿಗೆ ಎರಡು ಪದರದ ಕಪ್ಪು ಪರದೆ ಹೊಲಿದಿಟ್ಟಿದ್ದೇನೆ. ಅಳತೆ ತಂದವರು ಮಾವ, ಕಾವಲಿನ ವೇಳೆಯಲ್ಲಿ, ಪೂರ್ತಿ ಎಚ್ಚರವಾಗಿದ್ದುಕೊಂಡು. ಇದನ್ನೂ ವಿಚಾರಣೆಯಲ್ಲಿ ಅವರ ಪರವಾಗಿ ಬರೆದುಕೊಳ್ಳಿ. ವಿಚಾರಣೆಗೆ ಮೊದಲು ಒಂದು ಹಗಲು ಆ ಕೊಠಡಿ ತೆರೆಯಿರಿ. ಪರೀಕ್ಷೆಯ ಫಲ ಕೈಗೆ ಬರುವ ತನಕ ಅವರ ಕೆಲಸಕ್ಕೆ ಕೈ ಹಾಕಬೇಡಿ. ಪರದೆ ಕಟ್ಟಲು ನಾನೇ ಬರುತ್ತೇನೆ. ಈ ಸಲ ನಿಮ್ಮ ಸಹಾಯಕರು ಏನಮ್ಮಾ ಎಂದರೆ, ಕಿಟಕಿ ಎಲ್ಲಿದೆ ಎಂದು ಕೇಳುತ್ತೇನೆ.

ಇಂತಿ,
ನಿಮ್ಮ ಕಾವಲುಗಾರನನ್ನು ಹಗಲೆಲ್ಲ ಕಾಯುತ್ತಿರುವ,
ಬಾಯಿಲ್ಲದ ಸೋದರಸೊಸೆ